ಮುಖಕ್ಕೊಪ್ಪುವ ಹಲ್ಲು ಹುಡುಕಿದ ಜೇಮ್ಸ್ ಲಿಯಾನ್ ವಿಲಿಯಮ್ಸ್

ಮನುಷ್ಯ ನಕ್ಕಾಗ ಎದುರಿಗಿರುವವರ ಕಣ್ಣಿಗೆ ಮೊದಲು ಬೀಳುವುದು ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು. ಒಂದೊಂದರ ಅಗಲ ಸರಾಸರಿ ಎಂಟೂವರೆ ಮಿಲಿಮೀಟರ್, ಎತ್ತರ ಸುಮಾರು ಹತ್ತೂವರೆ ಮಿಲಿಮೀಟರ್. ಇಷ್ಟು ಕಿರಿದಾದ ಜಾಗದಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಸಾಕು, ಪರಿಚಿತ ಮುಖವೇ ಅಪರಿಚಿತವೆನಿಸತೊಡಗುತ್ತದೆ. ಹಲ್ಲೆಲ್ಲ ಕಳೆದುಕೊಂಡವರಿಗೆ ಕೃತಕ ಹಲ್ಲು ಕಟ್ಟುವ ವೈದ್ಯರ ಮುಂದಿರುವ ಕಠಿಣ ಪ್ರಶ್ನೆಯೂ ಇದೇ. ಬೊಚ್ಚುಬಾಯಿಯನ್ನಷ್ಟೇ ನೋಡಿ ಅಲ್ಲಿ ಒಂದು ಕಾಲಕ್ಕೆ ಎಂತಹ ಹಲ್ಲುಗಳಿದ್ದವು ಎಂದು ಹೇಳುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರಲ್ಲಿ ಅಗ್ರಗಣ್ಯರು ಅಮೆರಿಕದ ದಂತವೈದ್ಯ ಜೇಮ್ಸ್ ಲಿಯಾನ್ ವಿಲಿಯಮ್ಸ್. ತಲೆಬುರುಡೆಗಳನ್ನು ಅಧ್ಯಯನ ಮಾಡಿ, ಮನುಷ್ಯರ ಮುಂದಿನ ಹಲ್ಲುಗಳು ಮೂರೇ ಮೂಲ ಆಕಾರಗಳಿಗೆ ಸೇರುತ್ತವೆ ಎಂದು ಅವರು ಸಾರಿದರು. ಹಲ್ಲಿನ ಆಕಾರಕ್ಕೂ ಮುಖದ ಆಕಾರಕ್ಕೂ ಸಂಬಂಧವಿದೆ ಎಂಬ ನಿಯಮವನ್ನು ಮುಂದಿಟ್ಟರು. ಆ ನಿಯಮ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ದಂತ ಚಿಕಿತ್ಸಾಲಯಗಳನ್ನು ಆಳಿತು. ನಂತರದ ಸಂಶೋಧಕರು ಅಳತೆಗೋಲು ಹಿಡಿದು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಆದರೂ ವಿಲಿಯಮ್ಸ್ ಹೆಸರು ದಂತವೈದ್ಯ ಪಠ್ಯಪುಸ್ತಕಗಳಿಂದ ಮಾಯವಾಗಿಲ್ಲ. ಅದಕ್ಕೆ ಕಾರಣ ಅವರ ಬದುಕಿನಲ್ಲಿಯೇ ಇದೆ.

ಮೈನ್‌ನಿಂದ ಲಂಡನ್‌ಗೆ

ವಿಲಿಯಮ್ಸ್ ಜನಿಸಿದ್ದು 1852ರಲ್ಲಿ, ಅಮೆರಿಕದ ಈಶಾನ್ಯ ತುದಿಯಲ್ಲಿರುವ ಮೈನ್ ರಾಜ್ಯದ ಎಂಬ್ಡೆನ್ ಎಂಬ ಹಳ್ಳಿಯಲ್ಲಿ. ದಂತವೈದ್ಯಕೀಯ ಆಗಷ್ಟೇ ಶಾಸ್ತ್ರದ ರೂಪ ತಳೆಯುತ್ತಿದ್ದ ಕಾಲವದು. ಜಗತ್ತಿನ ಮೊದಲ ದಂತವೈದ್ಯ ಕಾಲೇಜು ಬಾಲ್ಟಿಮೋರ್ ನಗರದಲ್ಲಿ ಆರಂಭಗೊಂಡಿದ್ದು 1840ರಲ್ಲಿ. ಅಲ್ಲಿಯವರೆಗೂ, ಅದರ ನಂತರವೂ ಬಹುಕಾಲ, ಹಲ್ಲಿನ ಕೆಲಸವನ್ನು ಹಿರಿಯರೊಬ್ಬರ ಕೈಕೆಳಗೆ ಕುಳಿತು ಕಲಿಯುವುದೇ ರೂಢಿಯಾಗಿತ್ತು. ಅಕ್ಕಸಾಲಿಗನ ನಯ, ಕಮ್ಮಾರನ ಬಲ, ವೈದ್ಯನ ತಿಳಿವಳಿಕೆ ಈ ಮೂರೂ ಒಬ್ಬನಲ್ಲಿಯೇ ಇರಬೇಕಿದ್ದ ವೃತ್ತಿಯದು.

ಅಮೆರಿಕದಲ್ಲಿ ವೃತ್ತಿ ಆರಂಭಿಸಿದ ವಿಲಿಯಮ್ಸ್ 1880ರ ದಶಕದಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಲಂಡನ್ ಸೇರಿದರು. ಆಗ ಅಮೆರಿಕದ ದಂತವೈದ್ಯರಿಗೆ ಯುರೋಪಿನಲ್ಲಿ ವಿಶೇಷ ಮನ್ನಣೆಯಿತ್ತು. ಪ್ಯಾರಿಸ್ ನಗರದಲ್ಲಿ ನೆಲೆಸಿದ್ದ ಅಮೆರಿಕದ ಥಾಮಸ್ ಇವಾನ್ಸ್ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್‌ಗೆ ದಂತವೈದ್ಯರಾಗಿದ್ದರು. 1870ರಲ್ಲಿ ಸಾಮ್ರಾಜ್ಯ ಕುಸಿದಾಗ ಸಾಮ್ರಾಜ್ಞಿ ಯೂಜಿನಿ ಇಂಗ್ಲೆಂಡಿಗೆ ಪಾರಾಗಲು ನೆರವಾದವರೂ ಅವರೇ. ಇಂತಹ ಹಿನ್ನೆಲೆಯಲ್ಲಿ ಲಂಡನ್‌ಗೆ ಬಂದ ವಿಲಿಯಮ್ಸ್ ಅಲ್ಲಿ ಹೆಸರುವಾಸಿ ವೈದ್ಯರಾಗಿ ಬೆಳೆದರು.

ಚಿಕಿತ್ಸೆಯೊಂದರಿಂದಲೇ ತೃಪ್ತಿಪಡುವ ಸ್ವಭಾವ ಅವರದಾಗಿರಲಿಲ್ಲ. ಹಲ್ಲಿನ ಮೇಲ್ಪದರವಾದ ಎನಾಮೆಲ್ ಅವರನ್ನು ವಿಪರೀತವಾಗಿ ಸೆಳೆದಿತ್ತು. ಮನುಷ್ಯ ದೇಹದ ಅತ್ಯಂತ ಗಟ್ಟಿಯಾದ ಈ ಪದರಕ್ಕೆ ಹುಳುಕು ಹತ್ತುವುದು ಹೇಗೆ ಎಂಬುದು ಅಂದಿನ ದೊಡ್ಡ ಒಗಟು. ಬಾಯಿಯಲ್ಲಿನ ಸೂಕ್ಷ್ಮಜೀವಿಗಳು ಆಹಾರದ ಅಂಶದಿಂದ ಆಮ್ಲ ತಯಾರಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ವಿಲಬಿ ಮಿಲ್ಲರ್ ಬರ್ಲಿನ್ ನಗರದಲ್ಲಿದ್ದುಕೊಂಡು ಪ್ರತಿಪಾದಿಸಿದ್ದರು. ಅವರ ಪ್ರಸಿದ್ಧ ಗ್ರಂಥ 1890ರಲ್ಲಿ ಹೊರಬಂದಿತ್ತು. ಆದರೆ ಒಂದು ಸಂದೇಹ ಉಳಿದಿತ್ತು. ಬಾಯಿಯ ತುಂಬ ಸದಾ ಜೊಲ್ಲು ಹರಿಯುತ್ತಿರುವಾಗ ಆಮ್ಲ ಒಂದೇ ಕಡೆ ನಿಂತು ಹಲ್ಲನ್ನು ಕೊರೆಯುವುದು ಹೇಗೆ?

ವಿಲಿಯಮ್ಸ್ ಹುಳುಕು ಹಿಡಿದ ಹಲ್ಲುಗಳನ್ನು ಅತಿ ತೆಳುವಾದ ಪದರಗಳಾಗಿ ಅರೆದು, ಮೇಲಿನ ಲೇಪ ಕದಲದಂತೆ ಉಳಿಸಿಕೊಂಡು ಸೂಕ್ಷ್ಮದರ್ಶಕದಡಿ ಇಟ್ಟರು. ಸೂಕ್ಷ್ಮಜೀವಿಗಳ ದಟ್ಟ ಪದರವೊಂದು ಎನಾಮೆಲ್‌ಗೆ ಅಂಟಿಕೊಂಡು ಕುಳಿತಿದ್ದು ಕಂಡಿತು. ಆಮ್ಲ ಹುಟ್ಟುವುದು ಆ ಪದರದ ಅಡಿಯಲ್ಲಿ. ಜೊಲ್ಲು ಅಲ್ಲಿಗೆ ಸುಲಭವಾಗಿ ತಲುಪದು. 1897ರಲ್ಲಿ ಅವರು ಈ ಅಧ್ಯಯನವನ್ನು ಛಾಯಾಚಿತ್ರಗಳ ಸಮೇತ ಅಮೆರಿಕದ ಡೆಂಟಲ್ ಕಾಸ್ಮಾಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷವೇ ಆಧುನಿಕ ದಂತವೈದ್ಯದ ಪಿತಾಮಹರೆನಿಸಿದ ಗ್ರೀನ್ ವಾರ್ಡಿಮನ್ ಬ್ಲ್ಯಾಕ್ ಈ ಪದರವನ್ನು ಪ್ಲೇಕ್ ಎಂಬ ಪದದಿಂದ ವರ್ಣಿಸಿದರು. ಟೂತ್‌ಪೇಸ್ಟ್ ಜಾಹೀರಾತುಗಳಲ್ಲಿ ನಿತ್ಯ ಕಿವಿಗೆ ಬೀಳುವ ಪ್ಲೇಕ್ ಎಂಬ ಮಾತಿನ ಹಿಂದೆ ವಿಲಿಯಮ್ಸ್ ಅವರ ಪರಿಶ್ರಮವೂ ಇದೆ. ಇದೊಂದೇ ಸಾಧನೆ ಸಾಕಿತ್ತು, ಅವರ ಹೆಸರು ಉಳಿಯಲು.

ಷೇಕ್ಸ್‌ಪಿಯರ್ ಊರಿನಲ್ಲಿ ಕ್ಯಾಮೆರಾ

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಇದೇ ವ್ಯಕ್ತಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಇಂಗ್ಲೆಂಡಿನ ಹಳ್ಳಿಗಾಡನ್ನೂ ಸುತ್ತಿದರು. ಮಹಾಕವಿ ಷೇಕ್ಸ್‌ಪಿಯರ್ ಹುಟ್ಟಿ ಬೆಳೆದ ಸ್ಟ್ರಾಟ್‌ಫರ್ಡ್ ಹಾಗೂ ಸುತ್ತಲಿನ ಪರಿಸರವನ್ನು ಕುರಿತ ಅವರ ಸಚಿತ್ರ ಬೃಹತ್ ಗ್ರಂಥ 1890ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಸ್ಕ್ರಿಬ್ನರ್ಸ್ ಸಂಸ್ಥೆಯಿಂದ ಹೊರಬಂತು. ಷೇಕ್ಸ್‌ಪಿಯರ್ ಕೃತಿಗಳ ಸಂಪಾದನೆಯಲ್ಲಿ ಅಮೆರಿಕದ ದೊಡ್ಡ ಹೆಸರಾಗಿದ್ದ ಹೊರೇಸ್ ಹೊವಾರ್ಡ್ ಫರ್ನೆಸ್ ಅದಕ್ಕೆ ಪ್ರಸ್ತಾವನೆ ಬರೆದರು.

ದಂತವೈದ್ಯರೊಬ್ಬರ ಬದುಕಿನಲ್ಲಿ ಇದು ಕೇವಲ ಹವ್ಯಾಸದ ಮಾತೆನಿಸಬಹುದು. ಆದರೆ ಛಾಯಾಗ್ರಾಹಕನ ಕಣ್ಣು ರೇಖೆಯನ್ನೂ ನೆರಳನ್ನೂ ಒಂದರೊಡನೊಂದು ಹೋಲಿಸಿ ನೋಡುತ್ತದೆ. ಹಲ್ಲನ್ನು ಮುಖದೊಂದಿಗೆ ಹೋಲಿಸುವ ಮುಂದಿನ ಕೆಲಸಕ್ಕೆ ಬೇಕಾಗಿದ್ದುದು ಇದೇ ಬಗೆಯ ನೋಟ. ಇದರ ಜೊತೆಗೆ ಮಾನವಶಾಸ್ತ್ರದಲ್ಲಿಯೂ ಅವರಿಗೆ ಆಳವಾದ ಆಸಕ್ತಿಯಿತ್ತು. ಡಾರ್ವಿನ್ ನಂತರದ ತಲೆಮಾರಿನ ಲಂಡನ್‌ನಲ್ಲಿ ಪ್ರಾಚೀನ ಮಾನವನ ಬುರುಡೆಗಳ ಚರ್ಚೆ ಬಿಸಿಯಾಗಿತ್ತು.

ಸಾಲಾಗಿ ನಿಂತ ಸುಣ್ಣದ ಕಲ್ಲುಗಳು

ವಿಲಿಯಮ್ಸ್ ಕೈಹಾಕಿದ ಕೆಲಸದ ಮಹತ್ವ ಅರಿಯಲು ಅಂದಿನ ಹಲ್ಲುಸೆಟ್ಟುಗಳ ಸ್ಥಿತಿ ತಿಳಿಯಬೇಕು. ಹದಿನೆಂಟನೇ ಶತಮಾನದಲ್ಲಿ ಕೃತಕ ಹಲ್ಲು ಶ್ರೀಮಂತರ ಸೊತ್ತು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಹಲ್ಲುಸೆಟ್ಟುಗಳಲ್ಲಿ ದಂತ, ಲೋಹ ಹಾಗೂ ಮನುಷ್ಯರ ಹಲ್ಲುಗಳೂ ಇದ್ದವು. 1815ರ ವಾಟರ್ಲೂ ಕದನದಲ್ಲಿ ಸತ್ತ ಸೈನಿಕರ ಬಾಯಿಂದ ಕಿತ್ತ ಹಲ್ಲುಗಳು ಇಂಗ್ಲೆಂಡಿನ ಸಿರಿವಂತರ ಬಾಯಿ ಸೇರಿದ್ದು ಇತಿಹಾಸ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಚಿತ್ರ ಬದಲಾಯಿತು. 1840ರ ದಶಕದಲ್ಲಿ ಅರಿವಳಿಕೆ ಬಳಕೆಗೆ ಬಂದು ಹಲ್ಲು ಕೀಳಿಸುವ ಭಯ ಕಡಿಮೆಯಾಯಿತು. ಅದರ ಬೆನ್ನಲ್ಲೇ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದ ರಬ್ಬರ್ ಸಂಸ್ಕರಣೆಯ ಫಲವಾಗಿ ವಲ್ಕನೈಟ್ ಎಂಬ ಗಟ್ಟಿ ರಬ್ಬರ್ ಬಂತು. ಒಸಡಿನ ಅಚ್ಚಿಗೆ ಸರಿಯಾಗಿ ಕೂರುವ ಈ ಅಗ್ಗದ ರಬ್ಬರಿನ ಮೇಲೆ ಪಿಂಗಾಣಿ ಹಲ್ಲುಗಳನ್ನು ಕೂರಿಸಿದರೆ ಸೆಟ್ಟು ಸಿದ್ಧ. ಮಧ್ಯಮ ವರ್ಗದವರಿಗೂ ಹಲ್ಲು ಕೈಗೆಟುಕಿತು.

ಈ ರಬ್ಬರಿನ ಹಿಂದೆ ರಕ್ತಸಿಕ್ತ ಕಥೆಯೊಂದಿದೆ. ವಲ್ಕನೈಟ್ ಸೆಟ್ಟುಗಳ ಪೇಟೆಂಟ್ ಹೊಂದಿದ್ದ ಕಂಪನಿ ದಂತವೈದ್ಯರಿಂದ ಪರವಾನಗಿ ಶುಲ್ಕವನ್ನೂ ರಾಯಧನವನ್ನೂ ವಸೂಲಿ ಮಾಡುತ್ತಿತ್ತು. ಕೊಡದವರನ್ನು ಕಂಪನಿಯ ಖಜಾಂಚಿ ಜೋಸಯ್ಯ ಬೇಕನ್ ಊರೂರಿಗೆ ಬೆನ್ನಟ್ಟಿ ಕೋರ್ಟಿಗೆಳೆಯುತ್ತಿದ್ದರು. ಹೀಗೆ ಬೆನ್ನಟ್ಟಲ್ಪಟ್ಟ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ 1879ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಬೇಕನ್ ಅವರನ್ನು ಗುಂಡಿಕ್ಕಿ ಕೊಂದು ಜೈಲು ಸೇರಿದ. 1881ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಅಲ್ಲಿಂದಾಚೆಗೆ ವಲ್ಕನೈಟ್ ಸೆಟ್ಟು ಮನೆಮನೆಯ ಮಾತಾಯಿತು.

ಆದರೆ ಅಗ್ಗವಾದ ಸೆಟ್ಟು ಅಂದವಾಗಿರಲಿಲ್ಲ. ಕಾರ್ಖಾನೆಯಿಂದ ಬರುತ್ತಿದ್ದ ಪಿಂಗಾಣಿ ಹಲ್ಲುಗಳು ಬಿಳಿಚಿಕೊಂಡು, ಚಪ್ಪಟೆಯಾಗಿ, ಸಾಲಾಗಿ ನಿಲ್ಲಿಸಿದ ಸುಣ್ಣದ ಕಲ್ಲುಗಳಂತೆ ಕಾಣುತ್ತಿದ್ದವು. ತೆಳ್ಳನೆಯ ಮುಖದವರಿಗೂ ಅಗಲ ಮುಖದವರಿಗೂ ಹೆಚ್ಚುಕಡಿಮೆ ಅವೇ ಹಲ್ಲು. ಬಾಯಿ ತೆರೆದೊಡನೆ ಕಟ್ಟಿಸಿದ ಹಲ್ಲೆಂದು ಎಲ್ಲರಿಗೂ ತಿಳಿದುಬಿಡುತ್ತಿತ್ತು. ನಗುವಾಗ ಕೈ ಅಡ್ಡ ಹಿಡಿಯುವುದು, ನಾಲ್ಕು ಜನರೆದುರು ಮಾತನಾಡಲು ಹಿಂಜರಿಯುವುದು ಸೆಟ್ಟು ಧರಿಸಿದವರ ಪಾಡಾಗಿತ್ತು. ಕಡಲೆ ಬಂದಾಗ ಹಲ್ಲಿಲ್ಲದ ಗಾದೆಯ ಸಂಕಟ ಒಂದಾದರೆ, ಹಲ್ಲು ಬಂದರೂ ತನ್ನ ಮುಖ ತನ್ನದಾಗಿ ಉಳಿಯದ ಸಂಕಟ ಇನ್ನೊಂದು.

ಹಲ್ಲನ್ನು ಆಯ್ಕೆ ಮಾಡಲು ವೈದ್ಯರ ಬಳಿ ಇದ್ದ ಸೂತ್ರವೂ ವಿಚಿತ್ರವಾಗಿತ್ತು. ಪ್ರಾಚೀನ ಗ್ರೀಕ್ ವೈದ್ಯದ ಪರಂಪರೆಯಿಂದ ಬಂದ ನಾಲ್ಕು ಮನೋಧರ್ಮಗಳ ಕಲ್ಪನೆಯೇ ಅದಕ್ಕೆ ಆಧಾರ. ರೋಗಿ ಪಿತ್ತ ಪ್ರಕೃತಿಯವನೋ, ರಕ್ತ ಪ್ರಕೃತಿಯವನೋ, ಕಫ ಪ್ರಕೃತಿಯವನೋ, ಚಂಚಲ ನರ ಪ್ರಕೃತಿಯವನೋ ಎಂದು ಗುರುತಿಸಿ, ಅದಕ್ಕೆ ತಕ್ಕ ಆಕಾರ, ಬಣ್ಣದ ಹಲ್ಲು ಕೊಡಬೇಕೆಂದು ಅಂದಿನ ಪಾಠಗಳು ಹೇಳುತ್ತಿದ್ದವು. ನಮ್ಮ ವಾತ, ಪಿತ್ತ, ಕಫದ ಮಾತಿಗೆ ಒಗ್ಗಿದವರಿಗೆ ಇದು ಹೊಸದೆನಿಸದು. ಆದರೆ ಮನೋಧರ್ಮ ನೋಡಿ ಬಾಚಿಹಲ್ಲಿನ ಅಗಲ ಹೇಳುವುದು ಸಾಧ್ಯವೇ ಎಂದು ಯಾರೂ ಗಂಭೀರವಾಗಿ ಪರೀಕ್ಷಿಸಿರಲಿಲ್ಲ.

ಬುರುಡೆಗಳು ಹೇಳಿದ್ದು

ವಿಲಿಯಮ್ಸ್ ಪರೀಕ್ಷೆಗೆ ಇಳಿದರು. ಲಂಡನ್‌ನ ಸಂಗ್ರಹಾಲಯಗಳಲ್ಲಿದ್ದ ವಿವಿಧ ಜನಾಂಗಗಳ ತಲೆಬುರುಡೆಗಳನ್ನು ಒಂದೊಂದಾಗಿ ನೋಡಿದರು. ಜನಾಂಗಕ್ಕೊಂದು ಬಗೆಯ ಹಲ್ಲು, ಸ್ವಭಾವಕ್ಕೊಂದು ಬಗೆಯ ಹಲ್ಲು ಎಂಬ ನಂಬಿಕೆಗೆ ಅಲ್ಲಿ ಪುರಾವೆ ಸಿಗಲಿಲ್ಲ. ಎಲ್ಲ ಜನಾಂಗಗಳಲ್ಲಿಯೂ ಅವೇ ಮೂರು ಮೂಲ ಆಕಾರಗಳು ಮತ್ತೆ ಮತ್ತೆ ಕಾಣಿಸಿಕೊಂಡವು.

ಮೊದಲನೆಯದು ಚೌಕಾಕಾರ. ಈ ಹಲ್ಲಿನ ಎರಡೂ ಬದಿಯ ಅಂಚುಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಇಳಿಯುತ್ತವೆ. ಎರಡನೆಯದು ಕಿರಿದಾಗುವ ಆಕಾರ. ಕಚ್ಚುವ ಅಂಚಿನಲ್ಲಿ ಅಗಲವಾಗಿದ್ದು ಒಸಡಿನತ್ತ ಹೋದಂತೆ ಸಣ್ಣಗಾಗುತ್ತದೆ. ಮೂರನೆಯದು ಅಂಡಾಕಾರ. ಇದರ ಬದಿಗಳು ನೇರವಾಗಿರದೆ ದುಂಡಾಗಿ ಬಾಗಿರುತ್ತವೆ. ಉಳಿದೆಲ್ಲ ಹಲ್ಲುಗಳು ಈ ಮೂರರ ಬೆರಕೆ ಎಂದು ವಿಲಿಯಮ್ಸ್ ವಿವರಿಸಿದರು. ಇಂತಹ ಆಕಾರಗಳ ಮಾತು ಅವರಿಗಿಂತ ಮೊದಲೇ ಕೆಲವರಿಂದ ಬಂದಿತ್ತಾದರೂ, ಅದಕ್ಕೊಂದು ಪೂರ್ಣ ವ್ಯವಸ್ಥೆಯ ರೂಪ ಕೊಟ್ಟವರು ಅವರೇ.

ಮುಂದಿನ ಹೆಜ್ಜೆಯೇ ಅವರನ್ನು ಪ್ರಸಿದ್ಧರನ್ನಾಗಿಸಿದ್ದು. ಮೇಲಿನ ಬಾಚಿಹಲ್ಲನ್ನು ತಲೆಕೆಳಗು ಮಾಡಿದರೆ ಕಚ್ಚುವ ಅಂಚು ಮೇಲಕ್ಕೆ, ಒಸಡಿನ ಕಡೆಯ ಕತ್ತು ಕೆಳಕ್ಕೆ ಬರುತ್ತದೆ. ಆಗ ಆ ಹಲ್ಲಿನ ಹೊರರೇಖೆ ಅದೇ ವ್ಯಕ್ತಿಯ ಮುಖದ ಹೊರರೇಖೆಯನ್ನು ಹೋಲುತ್ತದೆ ಎಂಬುದು ಅವರ ವಾದ. ಅಂಚು ಹಣೆಯಂತೆ, ಕತ್ತು ಗಲ್ಲದಂತೆ. ಚೌಕ ಮುಖದವರಿಗೆ ಚೌಕ ಹಲ್ಲು, ಗಲ್ಲದತ್ತ ಕಿರಿದಾಗುವ ಮುಖದವರಿಗೆ ಕಿರಿದಾಗುವ ಹಲ್ಲು, ದುಂಡು ಮುಖದವರಿಗೆ ಅಂಡಾಕಾರದ ಹಲ್ಲು. ಇದನ್ನು ಅವರು ಸಾಮರಸ್ಯದ ನಿಯಮವೆಂದು ಕರೆದರು. 1914ರಲ್ಲಿ ಡೆಂಟಲ್ ಕಾಸ್ಮಾಸ್ ಪತ್ರಿಕೆಯಲ್ಲಿ ಈ ಹೊಸ ವರ್ಗೀಕರಣ ಪ್ರಕಟವಾಯಿತು. ಅದೇ ವರ್ಷ ಡೆಂಟಲ್ ಡೈಜೆಸ್ಟ್ ಪತ್ರಿಕೆಯಲ್ಲಿ, ಮನೋಧರ್ಮ ನೋಡಿ ಹಲ್ಲು ಆರಿಸುವ ಪದ್ಧತಿ ಬರೀ ಭ್ರಮೆ ಎಂದು ಸಾರುವ ಲೇಖನವನ್ನೂ ಬರೆದರು.

ಕಾರ್ಖಾನೆ ಸೇರಿದ ನಿಯಮ

ನಿಯಮ ಕಾಗದದಲ್ಲಿ ಉಳಿಯಲಿಲ್ಲ. ನ್ಯೂಯಾರ್ಕ್‌ನಲ್ಲಿ 1899ರಲ್ಲಿ ಸ್ಥಾಪನೆಯಾಗಿದ್ದ ಡೆಂಟಿಸ್ಟ್ಸ್ ಸಪ್ಲೈ ಕಂಪನಿ, ಪೆನ್ಸಿಲ್ವೇನಿಯಾ ರಾಜ್ಯದ ಯಾರ್ಕ್ ಊರಿನಲ್ಲಿ ಪಿಂಗಾಣಿ ಹಲ್ಲುಗಳ ಕಾರ್ಖಾನೆ ನಡೆಸುತ್ತಿತ್ತು. ಮುಂದೆ ಡೆಂಟ್ಸ್‌ಪ್ಲೈ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾದ ಸಂಸ್ಥೆ ಇದೇ. ವಿಲಿಯಮ್ಸ್ ರೂಪಿಸಿದ ಆಕಾರಗಳನ್ನು ಆಧರಿಸಿ ಈ ಕಂಪನಿ 1914ರಲ್ಲಿ ಟ್ರೂಬೈಟ್ ಎಂಬ ಹೆಸರಿನ ಹಲ್ಲುಗಳನ್ನು ಮಾರುಕಟ್ಟೆಗೆ ತಂದಿತು. ಹಿಂದಿನ ದವಡೆಹಲ್ಲುಗಳ ವಿನ್ಯಾಸ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನ ಆಲ್ಫ್ರೆಡ್ ಗೀಸಿ ಅವರದು. ಅಗಿಯುವಾಗ ದವಡೆ ಚಲಿಸುವ ಬಗೆಯನ್ನು ಅಳೆದು, ಅದಕ್ಕೆ ಹೊಂದುವಂತೆ ಗೀಸಿ ಹಲ್ಲಿನ ಮೇಲ್ಮೈಯನ್ನು ರೂಪಿಸಿದ್ದರು. ನೋಟ ವಿಲಿಯಮ್ಸ್ ಅವರದು, ಅಗಿತ ಗೀಸಿ ಅವರದು ಎಂಬಂತಹ ಜೋಡಿ ಅದು.

ದಂತವೈದ್ಯರಿಗೆ ಇದು ವರವಾಗಿ ಬಂತು. ರೋಗಿಯ ಮುಖ ನೋಡಿ ಮೂರರಲ್ಲೊಂದು ವರ್ಗ ಗುರುತಿಸುವುದು, ಆ ವರ್ಗದಲ್ಲಿ ಮುಖದ ಗಾತ್ರಕ್ಕೆ ಹೊಂದುವ ಅಳತೆ ಆರಿಸುವುದು, ಪಟ್ಟಿಯಲ್ಲಿನ ಅಚ್ಚಿನ ಸಂಖ್ಯೆ ಬರೆದು ತರಿಸಿಕೊಳ್ಳುವುದು. ಎಲ್ಲ ವೈದ್ಯರೂ ಶಿಲ್ಪಿಯ ಕೈ ಪಡೆದು ಹುಟ್ಟಿರುವುದಿಲ್ಲ. ಸಾಮಾನ್ಯ ಪಟ್ಟಣದ ಸಾಮಾನ್ಯ ವೈದ್ಯನೂ ತಕ್ಕಮಟ್ಟಿಗೆ ಸಹಜವಾಗಿ ಕಾಣುವ ಸೆಟ್ಟು ಕೊಡಲು ಈ ಪದ್ಧತಿ ದಾರಿ ಮಾಡಿತು. ಡೆಂಟಲ್ ಡೈಜೆಸ್ಟ್ ಸಂಪಾದಕ ಜಾರ್ಜ್ ವುಡ್ ಕ್ಲ್ಯಾಪ್ ಈ ವಿಚಾರಗಳ ಪ್ರಚಾರಕ್ಕೆ ಟೊಂಕಕಟ್ಟಿ ನಿಂತರು. 1925ರಲ್ಲಿ, ವಿಲಿಯಮ್ಸ್ ಬದುಕಿದ್ದಾಗಲೇ, ಅವರ ಜೀವನಚರಿತ್ರೆಯನ್ನೂ ಬರೆದು ಪ್ರಕಟಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಕೃತಿಯಲ್ಲಿ ಹಲ್ಲಿನ ಆಕಾರಗಳಿಗೆ ಲೆಕ್ಕವಿಲ್ಲ. ಕಾರ್ಖಾನೆಯಾದರೋ ಲೆಕ್ಕವಿಲ್ಲದಷ್ಟು ಅಚ್ಚುಗಳನ್ನು ಇಡಲಾರದು. ಮೂರು ಮೂಲ ಆಕಾರ, ಒಂದಷ್ಟು ಅಳತೆಗಳು ಎಂಬ ವ್ಯವಸ್ಥೆ ವಿಜ್ಞಾನಕ್ಕೆ ಎಷ್ಟು ಅನುಕೂಲವೋ ವ್ಯಾಪಾರಕ್ಕೂ ಅಷ್ಟೇ ಅನುಕೂಲವಾಗಿತ್ತು. ನಿಯಮ ಸರಿಯೇ ಎಂದು ಬೇರೆಯವರು ಪರೀಕ್ಷಿಸುವ ಮುನ್ನವೇ ಅದು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಊರೂರು ತಲುಪಿಬಿಟ್ಟಿತ್ತು.

ಹದಿನಾರರಲ್ಲಿ ಒಂದು ಪಾಲು

ಆಕಾರದ ಜೊತೆಗೆ ಅಳತೆಯ ಪ್ರಶ್ನೆಯೂ ಇತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೆರಿ ಎಂಬ ದಂತವೈದ್ಯರು, ಮೇಲಿನ ನಡುವಿನ ಬಾಚಿಹಲ್ಲಿನ ಅಗಲ ಮುಖದ ಅಗಲದ ಹದಿನಾರರಲ್ಲಿ ಒಂದು ಪಾಲು ಎಂಬ ಲೆಕ್ಕ ಕೊಟ್ಟಿದ್ದರು. ಎರಡು ಕೆನ್ನೆಮೂಳೆಗಳ ನಡುವಿನ ಅಂತರ 136 ಮಿಲಿಮೀಟರ್ ಇದ್ದರೆ ಹಲ್ಲಿನ ಅಗಲ 8.5 ಮಿಲಿಮೀಟರ್. ಈ ಲೆಕ್ಕವನ್ನು ಆಧರಿಸಿ, ಮುಖದ ಮೇಲಿಟ್ಟು ನೋಡುವ ಟ್ರೂಬೈಟ್ ಸೂಚಕ ಎಂಬ ಸಾಧನವೂ ಬಂತು. ಮುಖದ ಆಕಾರವನ್ನೂ ಹಲ್ಲಿನ ಗಾತ್ರವನ್ನೂ ಒಟ್ಟಿಗೇ ತಿಳಿಸುವ ಫಲಕವದು.

ದಂತರಚನಾ ಶಾಸ್ತ್ರದ ಪುಸ್ತಕಗಳು ನೀಡುವ ಸರಾಸರಿ ಅಳತೆಗಳು ಹೀಗಿವೆ. ಮೇಲಿನ ನಡುವಿನ ಬಾಚಿಹಲ್ಲು 8.5 ಮಿಲಿಮೀಟರ್ ಅಗಲ, 10.5 ಮಿಲಿಮೀಟರ್ ಎತ್ತರ. ಅದರ ಪಕ್ಕದ ಬಾಚಿಹಲ್ಲು 6.5 ಮಿಲಿಮೀಟರ್ ಅಗಲ, 9 ಮಿಲಿಮೀಟರ್ ಎತ್ತರ. ಕೋರೆಹಲ್ಲು 7.5 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಎತ್ತರ. ಎರಡೂ ಬದಿಯ ಆರು ಹಲ್ಲುಗಳನ್ನು ಸೇರಿಸಿದರೆ 45 ಮಿಲಿಮೀಟರ್. ನಡುವಿನ ಹಲ್ಲಿನ ಅಗಲ ಅದರ ಎತ್ತರದ ಶೇ 75ರಿಂದ 80ರಷ್ಟಿದ್ದರೆ ಕಣ್ಣಿಗೆ ಹಿತ ಎಂಬುದು ಇಂದು ಸಾಮಾನ್ಯವಾಗಿ ಒಪ್ಪಿರುವ ಮಾತು. ಅದಕ್ಕಿಂತ ಹೆಚ್ಚಾದರೆ ಹಲ್ಲು ಮೋಟಾಗಿ, ಕಡಿಮೆಯಾದರೆ ಉದ್ದನೆ ಸಪೂರವಾಗಿ ಕಾಣುತ್ತದೆ. ವಯಸ್ಸಾದಂತೆ ಹಲ್ಲಿನ ಅಂಚು ಸವೆದು ಎತ್ತರ ತಗ್ಗುವುದರಿಂದ ಈ ಪ್ರಮಾಣವೂ ಬದಲಾಗುತ್ತ ಹೋಗುತ್ತದೆ.

ಅಳತೆಗೋಲಿನ ಮುಂದೆ

ವಿಲಿಯಮ್ಸ್ 1932ರಲ್ಲಿ ನಿಧನರಾದರು. ಐದು ವರ್ಷಗಳ ನಂತರ, 1937ರಲ್ಲಿ, ಅಕ್ರಿಲಿಕ್ ಬಂದು ವಲ್ಕನೈಟ್ ಯುಗಕ್ಕೆ ತೆರೆ ಬೀಳತೊಡಗಿತು. ರಬ್ಬರಿನ ಜಾಗದಲ್ಲಿ ಒಸಡಿನ ಬಣ್ಣವನ್ನು ಹೋಲುವ ಪ್ಲಾಸ್ಟಿಕ್, ಪಿಂಗಾಣಿಯ ಜಾಗದಲ್ಲಿಯೂ ಕ್ರಮೇಣ ಪ್ಲಾಸ್ಟಿಕ್ ಹಲ್ಲು. ವಸ್ತು ಬದಲಾದರೂ ಮೂರು ಆಕಾರಗಳ ಪಟ್ಟಿ ಮಾತ್ರ ಹಾಗೆಯೇ ಮುಂದುವರಿಯಿತು.

1950ರ ದಶಕದಲ್ಲಿ ಅಮೆರಿಕದ ಫ್ರಷ್ ಮತ್ತು ಫಿಷರ್ ಎಂಬ ಜೋಡಿ ಹೊಸ ಮಾತು ತಂದರು. ಮುಖದ ಆಕಾರವೊಂದೇ ಸಾಲದು, ವ್ಯಕ್ತಿಯ ಲಿಂಗ, ವಯಸ್ಸು, ವ್ಯಕ್ತಿತ್ವ ಮೂರೂ ಹಲ್ಲಿನಲ್ಲಿ ಕಾಣಬೇಕು ಎಂದರು. ಹೆಣ್ಣಿಗೆ ದುಂಡು ಅಂಚು, ಗಂಡಿಗೆ ಚೌಕ ಅಂಚು, ಮುಪ್ಪಿಗೆ ಸವೆದ ಅಂಚು. ವಿಲಿಯಮ್ಸ್ ಹೊರಗಟ್ಟಿದ್ದ ಮನೋಧರ್ಮ ಬೇರೆ ವೇಷದಲ್ಲಿ ಮತ್ತೆ ಒಳಬಂದಂತಾಯಿತು. ಹಲ್ಲನ್ನಷ್ಟೇ ನೋಡಿ ಗಂಡೋ ಹೆಣ್ಣೋ ಹೇಳುವುದು ದಂತವೈದ್ಯರಿಗೂ ಕಷ್ಟವೆಂದು ನಂತರದ ಪರೀಕ್ಷೆಗಳು ತೋರಿಸಿದವು.

ವಿಲಿಯಮ್ಸ್ ನಿಯಮಕ್ಕೂ ಪರೀಕ್ಷೆಯ ದಿನಗಳು ಬಂದವು. 1978ರಲ್ಲಿ ಬೆಲ್ ಎಂಬ ಸಂಶೋಧಕರು ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಈ ಜ್ಯಾಮಿತಿಯ ಸಿದ್ಧಾಂತಕ್ಕೆ ಆಧಾರವಿದೆಯೇ ಎಂದು ನೇರವಾಗಿ ಪ್ರಶ್ನಿಸಿದರು. 1980ರಲ್ಲಿ ಮಾವ್ರೋಸ್ಕೂಫಿಸ್ ಮತ್ತು ರಿಚಿ, ಸಹಜ ಹಲ್ಲುಗಳಿದ್ದವರ ಮುಖವನ್ನೂ ಹಲ್ಲನ್ನೂ ಹೋಲಿಸಿ ನೋಡಿದರು. ಮುಖದ ಆಕಾರ ನೋಡಿ ಹಲ್ಲಿನ ಆಕಾರ ಹೇಳುವುದು ಭರವಸೆಯ ದಾರಿಯಲ್ಲ ಎಂಬ ತೀರ್ಮಾನಕ್ಕೆ ಬಂದರು. ಬೇರೆ ಬೇರೆ ದೇಶಗಳಲ್ಲಿ ನಡೆದ ಇತರ ಅಧ್ಯಯನಗಳ ಒಟ್ಟು ಒಲವೂ ಇದೇ. ಚೌಕ ಮುಖದಲ್ಲಿ ಅಂಡಾಕಾರದ ಹಲ್ಲು, ದುಂಡು ಮುಖದಲ್ಲಿ ಕಿರಿದಾಗುವ ಹಲ್ಲು ಧಾರಾಳವಾಗಿ ಕಂಡುಬಂದವು. ಹಲ್ಲನ್ನು ಮುಖದ ಪಡಿಯಚ್ಚಾಗಿ ಮಾಡುವ ಹಂಗು ಪ್ರಕೃತಿಗೆ ಇರಲಿಲ್ಲ.

ಒಂದು ಸೂತ್ರ ಸಡಿಲಗೊಂಡಾಗ ಇನ್ನೊಂದು ಸೂತ್ರದತ್ತ ಕಣ್ಣು ಹೊರಳಿತು. 1973ರಲ್ಲಿ ಲೊಂಬಾರ್ಡಿ, 1978ರಲ್ಲಿ ಲೆವಿನ್ ದಂತ ಸೌಂದರ್ಯದ ಚರ್ಚೆಗೆ ಸುವರ್ಣ ಅನುಪಾತವನ್ನು ತಂದರು. ನೇರ ಮುಂದಿನಿಂದ ನೋಡಿದಾಗ ಪಕ್ಕದ ಬಾಚಿಹಲ್ಲಿನ ಕಾಣುವ ಅಗಲ ನಡುವಿನ ಹಲ್ಲಿನ ಶೇ 62ರಷ್ಟಿರಬೇಕು, ಕೋರೆಹಲ್ಲು ಅದರ ಶೇ 62ರಷ್ಟಿರಬೇಕು ಎಂಬುದು ಅದರ ಸಾರ. ಹಲ್ಲಿನ ನಿಜವಾದ ಅಗಲಕ್ಕೆ ಈ ಲೆಕ್ಕ ಅನ್ವಯವಾಗದು, 6.5 ಮಿಲಿಮೀಟರ್ ಎಂಬುದು 8.5 ಮಿಲಿಮೀಟರಿನ ಶೇ 76ರಷ್ಟಾಗುತ್ತದೆ. ದವಡೆ ಕಮಾನಿನಂತೆ ಹಿಂದಕ್ಕೆ ಬಾಗುವುದರಿಂದ ಪಕ್ಕದ ಹಲ್ಲುಗಳು ಓರೆಯಾಗಿ, ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತವೆ. 1993ರಲ್ಲಿ ಪ್ರೆಸ್ಟನ್ ಸಹಜ ಹಲ್ಲುಗಳ ಮೇಲೆ ಈ ಲೆಕ್ಕವನ್ನು ಪರೀಕ್ಷಿಸಿದಾಗ, ನಡುವಿನ ಮತ್ತು ಪಕ್ಕದ ಬಾಚಿಹಲ್ಲುಗಳ ನಡುವೆ ಸುವರ್ಣ ಅನುಪಾತ ಕಂಡದ್ದು ಶೇ 17ರಷ್ಟು ಮಂದಿಯಲ್ಲಿ ಮಾತ್ರ. ಸುಂದರ ನಗುವಿಗೆ ಒಂದೇ ಗಣಿತ ಸೂತ್ರ ಹುಡುಕುವ ಆಸೆ ಮತ್ತೊಮ್ಮೆ ಕೈಗೂಡಲಿಲ್ಲ.

ಉಳಿದಿದ್ದೇನು?

ಹಾಗಾದರೆ ವಿಲಿಯಮ್ಸ್ ಅವರ ದುಡಿಮೆ ವ್ಯರ್ಥವಾಯಿತೇ? ಇಂದಿನ ಪದ್ಧತಿ ನೋಡಿದರೆ ಹಾಗೆನ್ನಲಾಗದು. ಹಲ್ಲಿನ ಅಚ್ಚುಗಳನ್ನು ಚೌಕ, ಕಿರಿದು, ಅಂಡ ಎಂದು ವಿಂಗಡಿಸುವ ಭಾಷೆ ಈಗಲೂ ಬಳಕೆಯಲ್ಲಿದೆ. ಕರ್ನಾಟಕವೂ ಸೇರಿದಂತೆ ಭಾರತದ ಕಾಲೇಜುಗಳಲ್ಲಿ ಬಿಡಿಎಸ್ ಓದುವ ವಿದ್ಯಾರ್ಥಿಗಳು ಪೂರ್ಣ ಹಲ್ಲುಸೆಟ್ಟಿನ ಪಾಠದಲ್ಲಿ ಅವರ ಹೆಸರನ್ನು ಕಲಿಯುತ್ತಾರೆ, ಅದರ ಮಿತಿಯನ್ನೂ ಕಲಿಯುತ್ತಾರೆ.

ಪಾಠ ಮುಗಿಸಿ ಕುರ್ಚಿಯ ಬಳಿ ನಿಂತಾಗ ವೈದ್ಯರು ಅನುಸರಿಸುವ ದಾರಿ ಬೇರೆ. ಹಲ್ಲು ಬೀಳುವ ಮೊದಲಿನ ಛಾಯಾಚಿತ್ರವಿದ್ದರೆ ತರಲು ಹೇಳುತ್ತಾರೆ. ಮೂಗಿನ ಹೊಳ್ಳೆಗಳ ಅಗಲ ನೋಡಿ ಕೋರೆಹಲ್ಲುಗಳ ಸ್ಥಾನ ಅಂದಾಜಿಸುತ್ತಾರೆ. ತುಟಿಯ ಎರಡು ಕೊನೆಗಳನ್ನು ಮೇಣದ ಅಚ್ಚಿನ ಮೇಲೆ ಗುರುತಿಸಿ ಆರು ಹಲ್ಲುಗಳಿಗೆ ಎಷ್ಟು ಜಾಗವೆಂದು ಅಳೆಯುತ್ತಾರೆ. ಮೇಣದಲ್ಲಿ ಹಲ್ಲು ಜೋಡಿಸಿ, ಬಾಯಿಯಲ್ಲಿಟ್ಟು, ರೋಗಿಯ ಕೈಗೆ ಕನ್ನಡಿ ಕೊಡುತ್ತಾರೆ. ರೋಗಿಯೂ ಮನೆಯವರೂ ಒಪ್ಪಿದ ಮೇಲೆಯೇ ಸೆಟ್ಟು ಅಂತಿಮ ರೂಪ ಪಡೆಯುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ನಗುವನ್ನು ವಿನ್ಯಾಸ ಮಾಡುವ ಕಾಲದಲ್ಲಿಯೂ ಕೊನೆಯ ಮಾತು ಕನ್ನಡಿಯದೇ.

ಈ ಎಲ್ಲ ಹಂತಗಳ ಹಿಂದೆ ಇರುವ ಪ್ರಶ್ನೆ ವಿಲಿಯಮ್ಸ್ ಎತ್ತಿದ್ದೇ ಆಗಿದೆ. ಅವರಿಗಿಂತ ಹಿಂದಿನ ಬಹುಪಾಲು ವೈದ್ಯರಿಗೆ ಕೃತಕ ಹಲ್ಲೆಂದರೆ ಬಾಯಿಯಲ್ಲಿನ ಖಾಲಿ ಜಾಗ ತುಂಬುವ ಸಾಮಗ್ರಿ. ಅದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಮುಖದ ಭಾಗ, ಆ ಮುಖಕ್ಕೆ ಅದು ಸೇರಬೇಕು ಎಂಬ ಮಾತಿಗೆ ಮಾರುಕಟ್ಟೆಯಲ್ಲಿ ಬೆಲೆ ತಂದುಕೊಟ್ಟವರು ವಿಲಿಯಮ್ಸ್. ಹುಳುಕಿನ ವಿಷಯದಲ್ಲಿ ಅವರ ಉತ್ತರ ನಿಂತಿತು. ಮುಖದ ವಿಷಯದಲ್ಲಿ ಉತ್ತರ ತಪ್ಪಿತು, ಪ್ರಶ್ನೆ ಉಳಿಯಿತು. ಹಲ್ಲು ಕಟ್ಟಿಸಿಕೊಂಡ ಮೇಲೂ ಕೈ ಅಡ್ಡ ಹಿಡಿಯದೆ ನಗುವವರಿಗೆ ಆ ಪ್ರಶ್ನೆಯ ಬೆಲೆ ಗೊತ್ತಿರದೇ ಇದ್ದರೂ ಅದರ ಫಲವಂತೂ ಸಿಕ್ಕಿದೆ.